ಅಕ್ಕನ ದನಿ, ಎಲ್ಲರ ಲೈಬ್ರರಿ

ಅಕ್ಕನ ಗಂಟಲಿನ ಆಪರೇಷನ್ ಆದ ಮೇಲೆ ಆ ಮನೆಯಲ್ಲಿ ಮಾತು ಕಡಿಮೆಯಾಯಿತು ಎಂದು ಯಾರಾದರೂ ತಿಳಿದುಕೊಂಡರೆ ಅದು ತಪ್ಪು. ಅಕ್ಕನ ದನಿಪೆಟ್ಟಿಗೆಯನ್ನೇ ತೆಗೆದುಹಾಕಿದ್ದರು, ದನಿ ಇನ್ನು ಬರುವಂತಿರಲಿಲ್ಲ, ಅದು ನಿಜ. ಆದರೆ ಅವಳ ಪಾಲಿನ ಮಾತನ್ನೂ ಸೇರಿಸಿಕೊಂಡು ತಂಗಿಯೇ ಆಡತೊಡಗಿದ್ದಳು. ಡಾಕ್ಟರು ಕೇಳಿದ ಪ್ರಶ್ನೆಗೆ ತಂಗಿಯ ಉತ್ತರ. ನೆಂಟರು ಫೋನ್ ಮಾಡಿದರೆ ಅಕ್ಕನಿಗೆ ಏನನ್ನಿಸುತ್ತಿದೆ ಎಂಬುದರ ಬಗ್ಗೆ ತಂಗಿಯ ವಿವರಣೆ. ಅಕ್ಕ ಪಕ್ಕದಲ್ಲೇ ಕೂತು, ಕೊರಳಿಗೆ ನೇತುಹಾಕಿಕೊಂಡ ಪುಟ್ಟ ಬಿಳಿ ಹಲಗೆಯ ಮೇಲೆ ‘ನನಗೆ ಹಾಗೇನೂ ಅನ್ನಿಸ್ತಿಲ್ಲ’ ಎಂದು ಬರೆದು ಎತ್ತಿ ಹಿಡಿಯುವಳು. ಫೋನಿನ ಆ ಕಡೆ ಇದ್ದವರಿಗೆ ಅದು ಕಾಣುತ್ತದೆಯೆ?

ತಂಗಿ ಸಾಫ್ಟ್‌ವೇರ್ ಬರೆಯುವವಳು. ತಲೆಕೂದಲು ಅರ್ಧ ಬೆಳ್ಳಗಾಗುವಷ್ಟು ಕಾಲ ಅದೇ ಕೆಲಸ ಮಾಡಿಕೊಂಡು ಬಂದವಳು. ಬಹಳ ಅಚ್ಚುಕಟ್ಟಿನ ಹೆಂಗಸು ಎಂದು ಆಫೀಸಿನಲ್ಲಿ ಹೆಸರು. ಆ ಹೆಸರು ಹರಡುವುದರಲ್ಲಿ ಅವಳ ಸ್ವಂತ ಶ್ರಮವೂ ಸಾಕಷ್ಟಿತ್ತು.

ಅಕ್ಕ ಶಾಲೆಯಲ್ಲಿ ಗಣಿತದ ಟೀಚರ್. ರಜೆ ಮುಗಿಯುತ್ತ ಬಂದಾಗ ಮುಖ್ಯೋಪಾಧ್ಯಾಯಿನಿ ಮನೆಗೇ ಬಂದು ಕೂತರು. ಒಳ್ಳೆಯ ಮಾತಿನ, ಗಟ್ಟಿ ಮನಸ್ಸಿನ ಹೆಂಗಸು. ದನಿಯಿಲ್ಲದೆ ಚಿಕ್ಕ ಮಕ್ಕಳ ತರಗತಿ ನಡೆಸುವುದು ಹೇಗೆ ಎಂದು ಸಂಕೋಚದಿಂದಲೇ ಕೇಳಿದರು. ಪುಸ್ತಕದ ಕೋಣೆ ನೋಡಿಕೊಳ್ಳುವವರು ಬೇಕಾಗಿದ್ದಾರೆ, ಅಲ್ಲಿ ಗಲಾಟೆಯಿಲ್ಲ, ಆರಾಮ ಎಂದರು.  ಅಕ್ಕ ಮಾರ್ಕರಿನ ತುದಿಯನ್ನು ಹಲಗೆಗೆ ಒತ್ತಿ ಹಿಡಿದಳು. ಮಕ್ಕಳ ಗಲಾಟೆಯಿಲ್ಲದ ಜಾಗ ಅವಳಿಗೆ ಎಂಥ ಶಿಕ್ಷೆ ಎಂಬುದು ತಂಗಿಗೆ ಗೊತ್ತು. ಅದಕ್ಕೇ ಮಧ್ಯೆ ಬಾಯಿ ಹಾಕಿದಳು.

“ಟೈಪ್ ಮಾಡಿದ್ದನ್ನ ಓದಿ ಹೇಳೋ ಪ್ರೋಗ್ರಾಂ ನಾನು ಮಾಡಿಕೊಡ್ತೀನಿ ಮೇಡಂ. ನೀವು ಒಂದು ಪಾಠ ಕೂತು ನೋಡಿ, ಆಮೇಲೆ ತೀರ್ಮಾನ ಮಾಡಿ.”

ಮುಖ್ಯೋಪಾಧ್ಯಾಯಿನಿ ಒಪ್ಪಿಕೊಂಡರು. ಪಾಠ ಸರಿಹೋದರೆ ತರಗತಿ, ಇಲ್ಲವಾದರೆ ಪುಸ್ತಕದ ಕೋಣೆ. ಒಂದೇ ಒಂದು ಷರತ್ತು: ತರಗತಿಯ ಸ್ಪೀಕರಿಗೆ ಹೊರಗಿನ ಯಂತ್ರ ಜೋಡಿಸುವಂತಿಲ್ಲ, ಟೀಚರುಗಳ ಮೇಜಿನ ಮೇಲಿರುವ ಶಾಲೆಯ ಲ್ಯಾಪ್‌ಟಾಪನ್ನೇ ಬಳಸಬೇಕು.

ಅಕ್ಷರವನ್ನು ದನಿಯಾಗಿಸುವುದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಎಲ್ಲೆಲ್ಲಿಯೋ ಇರುವ ಕೆಲವರು ವರ್ಷಗಟ್ಟಲೆ ಕೂತು ಅದನ್ನು ಬರೆದು, ಬೇಕಾದವರು ತೆಗೆದುಕೊಳ್ಳಿ ಎಂದು ಇಟ್ಟಿದ್ದರು. ಹೀಗೆ ಬೇರೆಯವರು ಮಾಡಿಟ್ಟ ಸಿದ್ಧ ಕೆಲಸಕ್ಕೆ ಆ ಕಸುಬಿನಲ್ಲಿ ಲೈಬ್ರರಿ ಎನ್ನುತ್ತಾರೆ. ಅದನ್ನು ನಮ್ಮ ಪ್ರೋಗ್ರಾಮಿಗೆ ಸೇರಿಸಿಕೊಳ್ಳಲು ಮುಖ್ಯವಾಗಿ ಎರಡು ದಾರಿ. ಒಂದು, ಹಿಟ್ಟಿಗೆ ಉಪ್ಪು ಹಾಕಿ ನಾದಿದಂತೆ ಲೈಬ್ರರಿಯನ್ನು ಪ್ರೋಗ್ರಾಮಿನೊಳಗೇ ಬೆರೆಸಿಬಿಡುವುದು. ಅದು ಸ್ಟ್ಯಾಟಿಕ್. ಆಮೇಲೆ ಉಪ್ಪು ಬೇರೆ ಅಲ್ಲ, ಹಿಟ್ಟು ಬೇರೆ ಅಲ್ಲ. ಇನ್ನೊಂದು, ಊಟದ ಮೇಜಿನ ನಡುವೆ ಎಲ್ಲರಿಗೂ ಸೇರಿ ಇಟ್ಟ ಉಪ್ಪಿನ ಡಬ್ಬಿಗೆ ಬೇಕಾದಾಗ ಕೈ ಚಾಚುವುದು. ಅದು ಡೈನಾಮಿಕ್. ಯಂತ್ರದಲ್ಲಿ ಲೈಬ್ರರಿಯ ಒಂದೇ ಪ್ರತಿ ಇರುತ್ತದೆ, ಎಲ್ಲ ಪ್ರೋಗ್ರಾಮುಗಳೂ ಅದನ್ನೇ ಕರೆಯುತ್ತವೆ.

ತಂಗಿ ಶಾಲೆಗೆ ಹೋಗಿ ಲ್ಯಾಪ್‌ಟಾಪ್ ತೆರೆದು ನೋಡಿದರೆ, ಅವಳಿಗೆ ಬೇಕಾದ ಲೈಬ್ರರಿ ಅಲ್ಲಿ ಆಗಲೇ ಕೂತಿತ್ತು. ಶಾಲೆಯ ಪ್ರಕಟಣೆಗಳನ್ನು ಎಲ್ಲ ತರಗತಿಗೂ ಓದಿ ಹೇಳುವ ಪ್ರೋಗ್ರಾಂ ಒಂದಿತ್ತು, ಅದೂ ಇದನ್ನೇ ಬಳಸುತ್ತಿತ್ತು. ತಂಗಿಗೆ ಹೋಗುವ ದಾರಿಯಲ್ಲಿ ಹೂ ಸಿಕ್ಕಷ್ಟು ಸಂತೋಷ. ಇದ್ದದ್ದನ್ನೇ ಕರೆದರಾಯಿತು, ಇನ್ನೊಂದು ಪ್ರತಿ ಯಾಕೆ? ಪ್ರೋಗ್ರಾಂ ಎಷ್ಟು ಚಿಕ್ಕದಾಗುತ್ತದೆ, ಎಷ್ಟು ಹಗುರ!

ಆಫೀಸಿನಲ್ಲಿ ಅವಳ ಎದುರು ಮೇಜಿನವನಿಗೆ ಗಂಟುಮೂಟೆ ಎಂದು ಅಡ್ಡಹೆಸರು. ಇಟ್ಟವಳು ಇವಳೇ. ಆತ ಏನು ಬರೆದರೂ ಎಲ್ಲ ಲೈಬ್ರರಿಗಳನ್ನೂ ಒಳಗೇ ನಾದಿಬಿಡುತ್ತಿದ್ದ. ಅವನ ಸಣ್ಣ ಪ್ರೋಗ್ರಾಮೂ ಮದುವೆ ಸಾಮಾನು ಹೊತ್ತ ಲಾರಿಯ ಹಾಗೆ ಇರುತ್ತಿತ್ತು. ಅಕ್ಕನ ವಿಷಯ ಕೇಳಿದಾಗ ಆತ, ಅಂಥ ಕೆಲಸಕ್ಕೆ ಒಳಗೇ ಸೇರಿಸಿಬಿಡುವುದು ಕ್ಷೇಮ ಅಲ್ಲವೆ ಎಂದ.

“ನೀವು ಊಟಕ್ಕೆ ಕರೆದರೆ ಒಲೇನೂ ಹೊತ್ಕೊಂಡು ಹೋಗೋ ಪೈಕಿ” ಎಂದಳು ತಂಗಿ.

“ಹೋಗ್ತೀನಿ. ಅಲ್ಲಿ ಒಲೆ ಉರಿಯತ್ತೋ ಇಲ್ವೋ ಅನ್ನೋ ಯೋಚನೆ ಇರಲ್ಲ ನೋಡಿ.”

ತಂಗಿ ಅವನ ಹಳೆಯ ಪಾಡನ್ನು ಎತ್ತಿ ಆಡಿದಳು. ಹಿಂದೊಮ್ಮೆ ಲೈಬ್ರರಿಯೊಂದರಲ್ಲಿ ದೋಷ ಕಂಡುಬಂದಾಗ, ಹಂಚಿಕೊಂಡವರೆಲ್ಲ ಒಂದು ಪ್ರತಿ ಬದಲಿಸಿ ಮನೆಗೆ ಹೋದರೆ, ಗಂಟುಮೂಟೆ ಮಾತ್ರ ತನ್ನ ಒಂದೊಂದು ಪ್ರೋಗ್ರಾಮನ್ನೂ ಮತ್ತೆ ನಾದಿ ನಾದಿ, ಗಡ್ಡ ಬೆಳೆಸಿಕೊಂಡು ಕೂತಿದ್ದ. ಸುತ್ತಲಿನವರು ನಕ್ಕರು. ಅವನೂ ನಕ್ಕ. ವಾದದಲ್ಲಿ ತಾನು ಗೆದ್ದೆ ಎಂದು ತಂಗಿ ಬರೆದಿಟ್ಟುಕೊಳ್ಳುವುದೊಂದು ಬಾಕಿ.

ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ತಟ್ಟೆಗಳನ್ನು ಪಕ್ಕಕ್ಕೆ ಸರಿಸಿ ಅಕ್ಕನಿಗೆ ಪ್ರೋಗ್ರಾಂ ತೋರಿಸಿದಳು. ಬರೆಯಲು ಒಂದು ಜಾಗ, ಹೇಳು ಎನ್ನಲು ಒಂದು ಗುಂಡಿ, ನಿಲ್ಲಿಸು ಎನ್ನಲು ಒಂದು ಕೆಂಪು ಗುಂಡಿ. ಅಷ್ಟೆ. ಅಕ್ಕ ಹಲಗೆಯಲ್ಲಿ, ವೇಗ ಹೆಚ್ಚು ಕಡಿಮೆ ಮಾಡಲು ಒಂದು ಗುಂಡಿ ಇಡು ಎಂದು ಬರೆದಳು. ತಂಗಿ ಬೇಡವೆಂದು ತಲೆಯಾಡಿಸಿದಳು. ಗುಂಡಿ ಹೆಚ್ಚಾದಷ್ಟು ಗೊಂದಲ ಹೆಚ್ಚು, ಯಾವ ವೇಗ ಕಿವಿಗೆ ಹಿತವೋ ಅದನ್ನು ನಾನೇ ನೋಡಿ ಐದು ಎಂದು ಇಟ್ಟಿದ್ದೇನೆ, ಒಂದರಿಂದ ಹತ್ತರವರೆಗಿನ ಅಳತೆಯಲ್ಲಿ ಐದು ನಟ್ಟನಡುವೆ, ಅದರ ಚಿಂತೆ ನಿನಗೆ ಬೇಡ ಎಂದು ವಿವರಿಸಿದಳು. ಆಮೇಲೆ ಯಾರೂ ಕೇಳದಿದ್ದರೂ ಲೈಬ್ರರಿಯನ್ನು ಹಂಚಿಕೊಳ್ಳುವುದರ ಸೊಗಸನ್ನು ಹೇಳತೊಡಗಿದಳು. ತಟ್ಟೆಯಲ್ಲಿ ಅನ್ನ ಒಣಗುವವರೆಗೂ ಹೇಳಿದಳು.

ಅಕ್ಕ ಕೇಳಿಸಿಕೊಂಡು ಬರೆದಳು: ‘ನಮ್ಮ ಸೈಕಲ್ ನೆನಪಿದೆಯಾ?’

“ಅದೇ ಮತ್ತೆ!” ತಂಗಿ ಮೇಜು ತಟ್ಟಿದಳು. “ಮನೇಲಿ ಇದ್ದದ್ದು ಒಂದೇ ಸೈಕಲ್. ಬೆಳಿಗ್ಗೆ ನೀನು ಕಾಲೇಜಿಗೆ, ಸಂಜೆ ನಾನು ಟ್ಯೂಷನ್‌ಗೆ. ಎಷ್ಟು ಚೆನ್ನಾಗಿ ನಡೀತಿತ್ತು. ನೀನು ಸರಿಯಾಗಿ ಹಿಡಿದೆ ನೋಡು.”

ಅಕ್ಕ ಅಂಗೈಯಿಂದ ಹಲಗೆ ಒರೆಸಿ, ತಟ್ಟೆಗಳನ್ನು ಎತ್ತಿಕೊಂಡು ಎದ್ದಳು.

ಪಾಠದ ಹಿಂದಿನ ಸಂಜೆ ತಂಗಿ ಶಾಲೆಗೆ ಹೋಗಿ ಲ್ಯಾಪ್‌ಟಾಪಿಗೆ ಪ್ರೋಗ್ರಾಂ ಹಾಕಿ ಪರೀಕ್ಷೆ ಮಾಡಿದಳು. ದನಿ ಮಗ್ಗಿ ಒಪ್ಪಿಸಿದಷ್ಟು ಸಲೀಸಾಗಿ ಬಂತು. ಮರುದಿನ ಬೆಳಿಗ್ಗೆ ಅರ್ಧ ದಿನ ರಜೆ ಹಾಕಿ, ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ತನ್ನ ಯಶಸ್ಸನ್ನು ಕಣ್ಣಾರೆ ಕಾಣಲು ಹೊರಟಳು. ಯಾರಾದರೂ ಹೊಗಳಿದರೆ “ಅಯ್ಯೋ, ಅದರಲ್ಲೇನಿದೆ” ಎನ್ನಬೇಕು. ಅದನ್ನು ಹೇಳುವಾಗ ಮುಖ ಹೇಗಿರಬೇಕು ಎಂಬುದನ್ನು ಬಸ್ಸಿನ ಕಿಟಕಿಯ ಗಾಜಿನಲ್ಲಿ ನೋಡಿಕೊಂಡಳು.

ಶಾಲೆಯ ಕಚೇರಿಯ ಮುಂದೆ ಗುಮಾಸ್ತ ಬಲು ಗೆಲುವಿನಲ್ಲಿದ್ದ. ಪ್ರಕಟಣೆಯ ಪ್ರೋಗ್ರಾಮಿಗೆ ಹೊಸ ಆವೃತ್ತಿ ಬಂದಿತ್ತಂತೆ, ಬೆಳಿಗ್ಗೆ ಬೇಗ ಬಂದು ಎಲ್ಲ ಲ್ಯಾಪ್‌ಟಾಪಿಗೂ ತಾನೇ ಹಾಕಿದನಂತೆ. ತಂಗಿ ಅವನ ಬೆನ್ನು ತಟ್ಟಿದಳು. ಹೀಗೆ ಕಾಲಕಾಲಕ್ಕೆ ಹೊಸದು ಹಾಕಿಕೊಳ್ಳುವುದು ಎಷ್ಟು ಒಳ್ಳೆಯದು, ಬಹಳ ಜನ ಇದನ್ನು ಮಾಡುವುದೇ ಇಲ್ಲ ಎಂದು ಅಲ್ಲೇ ನಿಂತು ಒಂದು ಸಣ್ಣ ಭಾಷಣವನ್ನೂ ಮಾಡಿದಳು. ಆ ಭಾಷಣದ ಒಂದೊಂದು ಮಾತೂ ಆಮೇಲೆ ಎಷ್ಟೋ ದಿನ ಸ್ನಾನ ಮಾಡುವಾಗ ನೆನಪಾಗಿ ಅವಳು ನೀರಿನ ಸದ್ದು ಜೋರು ಮಾಡಿಕೊಳ್ಳುವಂತಾಯಿತು.

ತರಗತಿಯಲ್ಲಿ ಅವಳಿಗೆ ಹಿಂದಿನ ಸಾಲಿನ ಮಕ್ಕಳ ಬೆಂಚು ಸಿಕ್ಕಿತು. ಮಂಡಿಗಳನ್ನು ಡೆಸ್ಕಿನ ಕೆಳಗೆ ಹೇಗೋ ತುರುಕಿ ಕೂತಳು. ಮುಖ್ಯೋಪಾಧ್ಯಾಯಿನಿ ಗೋಡೆಯ ಪಕ್ಕ ಕುರ್ಚಿ ಹಾಕಿಸಿಕೊಂಡರು. ಅಕ್ಕ ಬಂದಳು. ಅವಳ ಕೊರಳಿನ ಸುತ್ತ ತೆಳ್ಳನೆಯ ಬಟ್ಟೆ. ಮಕ್ಕಳು ಎದ್ದು ನಿಂತರು, ಕೂತರು, ತಿಂಗಳುಗಳ ಮೇಲೆ ಕಂಡ ಟೀಚರನ್ನು ಪಿಳಿಪಿಳಿ ನೋಡಿದರು. ಅಕ್ಕ ಟೈಪ್ ಮಾಡಿ ಗುಂಡಿ ಒತ್ತಿದಳು.

ಸ್ಪೀಕರಿನಿಂದ “ಮ” ಎಂದು ಬಂತು. ಮತ್ತೆ ಏನೂ ಬರಲಿಲ್ಲ. ಅಂದರೆ ಬರುತ್ತಲೇ ಇತ್ತು. ಎಣ್ಣೆ ಕಾಣದ ದೊಡ್ಡ ಬಾಗಿಲನ್ನು ಯಾರೋ ಒಂದೊಂದೇ ಅಂಗುಲ ತಳ್ಳುತ್ತಿದ್ದ ಹಾಗೆ ಆ ಒಂದೇ ಅಕ್ಷರ ಎಳೆದುಕೊಂಡು ಎಳೆದುಕೊಂಡು, ಗೋಡೆಗೆ ತಾಗಿ, ಕಿಟಕಿಯ ಗಾಜು ಗುಂಯ್‌ಗುಟ್ಟಿ, ಕೊನೆಗೆ “ಕ್ಕ” ಎನ್ನುವ ಕಡೆಗೆ ಹೊರಳಿಕೊಂಡಿತು. ಮೂಲೆಯಲ್ಲಿ ಒಬ್ಬ ಕಿಸಕ್ಕೆಂದ. ಆಮೇಲೆ ಇಡೀ ಸಾಲು.

ತಂಗಿಗೆ ಹೊಳೆಯಿತು. ಬೆಳಿಗ್ಗೆ ಹಾಕಿದ ಹೊಸ ಆವೃತ್ತಿ! ಗುಮಾಸ್ತ ಪ್ರಕಟಣೆಯದನ್ನು ಹಾಕುವಾಗ ಅದರ ಜೊತೆ ಹೊಸ ಲೈಬ್ರರಿಯೂ ಬಂದು, ಎಲ್ಲರಿಗೂ ಸೇರಿದ ಆ ಒಂದೇ ಪ್ರತಿ ಬದಲಾಗಿತ್ತು. ಹೊಸದರಲ್ಲಿ ವೇಗವನ್ನು ಹತ್ತಕ್ಕಲ್ಲ, ನೂರಕ್ಕೆ ಅಳೆಯುತ್ತಾರೆ ಎಂದು ಕಾಣುತ್ತದೆ. ಅವಳು ಅಷ್ಟು ಅಕ್ಕರೆಯಿಂದ ಆರಿಸಿಟ್ಟ ಐದು ಈಗ ನೂರಕ್ಕೆ ಐದು. ಸರಿಪಡಿಸಲು ಗುಂಡಿಯಿಲ್ಲ. ಗುಂಡಿ ಬೇಡವೆಂದವರು ಯಾರು?

ಧಡಕ್ಕನೆ ಏಳಲು ಹೋದಳು. ಮಂಡಿಗಳು ಡೆಸ್ಕಿನ ಕೆಳಗೆ ಸಿಕ್ಕಿಕೊಂಡಿದ್ದವು. ಬೆಂಚಿನ ಸಮೇತ ಒಂದಿಷ್ಟು ಮೇಲೆದ್ದು, ಪಕ್ಕದ ಹುಡುಗಿಯ ನೀರಿನ ಬಾಟಲಿ ಉರುಳಿಸಿ, ಮತ್ತೆ ಕುಕ್ಕರಿಸಿದಳು. ಮುಖ್ಯೋಪಾಧ್ಯಾಯಿನಿ ತಿರುಗಿ ನೋಡಿದರು. ಅಕ್ಕ ಕೂಡ ನೋಡಿದಳು, ಅಂಗೈ ಕೆಳಗೆ ಮಾಡಿ ಕೂತುಕೋ ಎಂದು ಸನ್ನೆ ಮಾಡಿದಳು. ಆ ಸನ್ನೆ ತರಗತಿಯ ಎಲ್ಲ ತಂಟೆಕೋರರಿಗೂ ಮಾಡುವಂಥದ್ದೇ.

ಆಗ ಮುಂದಿನ ಸಾಲಿನಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು, ಕಾದು ಕಾದು ಸಾಕಾಗಿ, “ಮಕ್ಕಳೇ!” ಎಂದು ತಾನೇ ಮುಗಿಸಿಬಿಟ್ಟಳು.

ಅಕ್ಕ ಕೆಂಪು ಗುಂಡಿ ಒತ್ತಿದಳು. ದನಿ ನಿಂತಿತು. ಹುಡುಗಿಯ ಕಡೆ ಬೆರಳು ತೋರಿಸಿ, ಸರಿ ಎನ್ನುವಂತೆ ತಲೆಯಾಡಿಸಿದಳು. ಒಂದು ಕ್ಷಣ ಯೋಚಿಸಿ, ಬರೆದಿದ್ದ ವಾಕ್ಯವನ್ನೆಲ್ಲ ಅಳಿಸಿ, ಒಂದೇ ಪದ ಟೈಪ್ ಮಾಡಿದಳು. “ತ್ರೀ” ಎಂದು ಬಾಗಿಲು ಕಿರುಗುಟ್ಟಿತು. “ತ್ರಿಭುಜ!” ಎಂದು ಹತ್ತು ಕಡೆಯಿಂದ ಕೂಗು. ಕೆಂಪು ಗುಂಡಿ. ಅಕ್ಕ ಬಣ್ಣದ ಕಾಗದದ ತ್ರಿಭುಜಗಳನ್ನು ಹಂಚಿದಳು, ತನ್ನದನ್ನು ಎತ್ತಿ ಹಿಡಿದು ಮೂರು ಮೂಲೆಗಳನ್ನೂ ಹರಿದು ತೋರಿಸಿದಳು. ತರಗತಿ ತುಂಬ ಪರಪರ ಸದ್ದು. ಹರಿದ ಮೂಲೆಗಳ ತುದಿಗಳನ್ನು ಒಂದಕ್ಕೊಂದು ಸೇರಿಸಿ ಇಟ್ಟರೆ ಕೆಳಗೆ ಏನಾಗುತ್ತದೆ ಎಂದು ಬೋರ್ಡಿನ ಮೇಲೆ ಬರೆದಳು. ದನಿ “ನೇ” ಎಂದು ಶುರುಮಾಡಿತು. ಹಿಂದಿನ ಸಾಲಿನ ಹುಡುಗ “ನೇಗಿಲು” ಎಂದ. ನಗೆಯೋ ನಗೆ. ಅಕ್ಕ ನಗುತ್ತಲೇ ಅವನ ಡೆಸ್ಕಿನ ಹತ್ತಿರ ಹೋಗಿ, ಅವನ ಮೂಲೆಗಳನ್ನು ಅವನ ಕೈಯಿಂದಲೇ ಕೂಡಿಸಿ, ಕೆಳಗೆ ಸ್ಕೇಲು ಹಿಡಿದಳು. ಹುಡುಗ ಬಗ್ಗಿ ನೋಡಿದ.

“ನೇರ ಗೆರೆ” ಎಂದ, ಈ ಸಲ ಮೆಲ್ಲಗೆ.

ಪಾಠ ಮುಗಿಯಿತು. ಮಕ್ಕಳು ಹೊರಗೋಡಿದರು. ಮುಖ್ಯೋಪಾಧ್ಯಾಯಿನಿ ಬಾಗಿಲ ಬಳಿ ನಿಂತು, ಇವತ್ತು ಆಟ ಚೆನ್ನಾಗಿತ್ತು, ಆದರೆ ದಿನವೂ ಆಟ ನಡೆಯುವುದಿಲ್ಲ, ಉದ್ದನೆಯ ಲೆಕ್ಕ ಬಿಡಿಸುವಾಗ ಈ ದನಿ ನಂಬಿಕೊಂಡು ಕೂರಲಾಗುತ್ತದೆಯೆ ಎಂದು ಕೇಳಿದರು. ಮುಂದಿನ ವಾರ ಇನ್ನೊಮ್ಮೆ ಬಂದು ಕೂರುತ್ತೇನೆ, ಅವತ್ತೇ ಕೊನೆಯ ತೀರ್ಮಾನ ಎಂದರು. ಆಮೇಲೆ ಕೇಳಿದರು, “ಇದನ್ನ ಹೀಗೆ ಮಾಡಿದ್ದು ಯಾರು?”

ತಂಗಿಯ ತಲೆಯಲ್ಲಿ ಹೆಸರುಗಳು ಸಾಲುಗಟ್ಟಿ ನಿಂತವು. ಅಳತೆ ಬದಲಿಸಿದ ಲೈಬ್ರರಿಯವರು, ಬೇಗ ಎದ್ದು ಬಂದ ಗುಮಾಸ್ತ, ಹೊರಗಿನ ಯಂತ್ರ ಬೇಡವೆಂದ ಶಾಲೆ. ಒಬ್ಬೊಬ್ಬರನ್ನೇ ನೋಡಿದಳು, ಎಲ್ಲರೂ ಅವರವರ ಕೆಲಸ ಮಾಡಿಕೊಂಡಿದ್ದವರೇ.

“ನಾನೇ” ಎಂದಳು. ಅದನ್ನು ಹೇಳುವಾಗ ಮುಖ ಹೇಗಿರಬೇಕು ಎಂಬುದನ್ನು ಮಾತ್ರ ಬಸ್ಸಿನಲ್ಲಿ ಅಭ್ಯಾಸ ಮಾಡಿರಲಿಲ್ಲ.

ಅವರು ಹೋದ ಮೇಲೆ ಖಾಲಿ ತರಗತಿಯಲ್ಲಿ, ನೆಲದ ತುಂಬ ಬಿದ್ದ ಕಾಗದದ ಚೂರುಗಳ ನಡುವೆ, ತಂಗಿ ಲ್ಯಾಪ್‌ಟಾಪಿನ ಮೇಲೆ ಬಗ್ಗಿ ಹುಡುಕಿದಳು. ಊಹಿಸಿದ್ದೇ ಆಗಿತ್ತು. ತಲೆ ಎತ್ತಿದರೆ ಅಕ್ಕ ಹಲಗೆ ಹಿಡಿದು ನಿಂತಿದ್ದಳು. ಅದರಲ್ಲಿ ‘ಸೈಕಲ್’ ಎಂದು ಬರೆದಿತ್ತು. ತಂಗಿ ಓದಿದ್ದನ್ನು ನೋಡಿ, ಅದರ ಕೆಳಗೆ ಬರೆದಳು: ‘ಸಂಜೆ ಸೀಟು ಇಳಿಸಿದವಳು ನೀನು. ಬೆಳಿಗ್ಗೆ ಹ್ಯಾಂಡಲ್ಲಿಗೆ ತಾಗಿದ ಮಂಡಿ ನನ್ನದು.’

ತಂಗಿಗೆ ನೆನಪಾಯಿತು. ಅವಳು ಗಿಡ್ಡ, ಅಕ್ಕ ಎತ್ತರ. ದಿನಾ ಸಂಜೆ ತನಗೆ ಬೇಕಾದಷ್ಟು ಸೀಟು ಇಳಿಸಿಕೊಂಡು ಹೋಗಿ ಬಂದು, ಹಾಗೆಯೇ ಗೋಡೆಗೊರಗಿಸುತ್ತಿದ್ದಳು. ಬೆಳಿಗ್ಗೆ ಹೊತ್ತು ಮೀರಿ ಹೊರಡುವ ಅಕ್ಕ, ಕಪ್ಪೆಯ ಹಾಗೆ ಮಂಡಿ ಮಡಚಿಕೊಂಡು ತುಳಿಯುತ್ತ ಹೋಗುತ್ತಿದ್ದಳು. ಬೀದಿಯವರು ನಗುತ್ತಿದ್ದರು. ತಂಗಿಯೂ ಕಿಟಕಿಯಿಂದ ನೋಡಿ ನಗುತ್ತಿದ್ದಳು. ಎಷ್ಟು ಚೆನ್ನಾಗಿ ನಡೆಯುತ್ತಿತ್ತು ಎಂಬುದು ನಗುತ್ತಿದ್ದವಳ ಲೆಕ್ಕ. ಇವತ್ತು ಡೆಸ್ಕಿನ ಕೆಳಗೆ ಸಿಕ್ಕಿಕೊಂಡ ಮಂಡಿ ಇನ್ನೂ ಉರಿಯುತ್ತಿತ್ತು, ಹಾಗಾಗಿ ವಿಷಯ ಬೇಗ ಅರ್ಥವಾಯಿತು.

ಮಧ್ಯಾಹ್ನ ಆಫೀಸಿಗೆ ಹೋಗಿ ಗಂಟುಮೂಟೆಯ ಎದುರು ಕುರ್ಚಿ ಎಳೆದುಕೊಂಡು ಎಲ್ಲವನ್ನೂ ಹೇಳಿದಳು, ಬೆಂಚಿನ ಸಮೇತ ಎದ್ದದ್ದನ್ನು ಕೂಡ. ಗಂಟುಮೂಟೆ ನಗು ತಡೆಯಲು ಕನ್ನಡಕ ತೆಗೆದು ಒರೆಸಿಕೊಂಡ.

“ಒಲೆ ಉರೀಲಿಲ್ಲ ಅನ್ನಿ.”

“ಉರೀತು. ಬೇರೆಯವರ ಅಡುಗೆಗೆ ಬೇಕಾದಷ್ಟು ಉರೀತು” ಎಂದಳು ತಂಗಿ. “ನಿಮ್ಮ ಹಾಗೆ ಒಳಗೇ ನಾದಿಬಿಡ್ತೀನಿ, ಆಯ್ತಾ?”

ಗೆದ್ದವನ ಹಾಗೆ ಬೀಗುತ್ತಾನೆ ಎಂದುಕೊಂಡಿದ್ದಳು. ಆತ ಗಡ್ಡ ಕೆರೆದುಕೊಂಡ. ನಾಳೆ ಆ ದನಿ ಯಾವುದೋ ಪದವನ್ನು ತಪ್ಪಾಗಿ ಓದುತ್ತದೆ, ಲೈಬ್ರರಿಯವರು ಅದನ್ನು ತಿದ್ದುತ್ತಾರೆ, ಒಳಗೆ ನಾದಿದ್ದರೆ ನೀವು ಪ್ರೋಗ್ರಾಮನ್ನೇ ಮತ್ತೆ ಕಟ್ಟಿಕೊಂಡು ಹೋಗಬೇಕು, ನನ್ನ ಪಾಡು ನಿಮಗೆ ಬೇಡ ಎಂದ.  ಆಮೇಲೆ ತಂಗಿ ಹಣೆ ಚಚ್ಚಿಕೊಂಡಳು. ಮೂರನೆಯ ದಾರಿಯೊಂದು ಇದ್ದೇ ಇತ್ತು. ಲೈಬ್ರರಿಯನ್ನು ಒಳಗೂ ನಾದದೆ, ಎಲ್ಲರ ಪ್ರತಿಯನ್ನೂ ಮುಟ್ಟದೆ, ಬೇರೆಯದೇ ಒಂದು ಪ್ರತಿಯನ್ನು ತನ್ನ ಪ್ರೋಗ್ರಾಮಿನ ಪಕ್ಕದಲ್ಲಿ, ಅದೇ ಫೋಲ್ಡರಿನಲ್ಲಿ ಇಟ್ಟು, ಮೊದಲು ಇಲ್ಲಿ ನೋಡು ಎಂದು ಹೇಳುವುದು. ತಿದ್ದುಪಡಿ ಬಂದರೆ ತಾನೇ ಕೇಳಿ ನೋಡಿ ಅದೊಂದನ್ನೇ ಬದಲಿಸಬಹುದು, ಬೇರೆ ಯಾರೂ ಬದಲಿಸುವಂತಿಲ್ಲ. ಇದೇನು ಗುಟ್ಟಿನ ವಿದ್ಯೆಯಲ್ಲ. ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಅವಳೇ ಬೋರ್ಡಿನ ಮೇಲೆ ಚಿತ್ರ ಬರೆದು ಇದನ್ನು ಹೇಳಿಕೊಡುತ್ತಿದ್ದಳು. ಪ್ರೋಗ್ರಾಂ ಸ್ವಲ್ಪ ದಪ್ಪವಾಗುತ್ತದೆ, ಅಷ್ಟೆ. ಚಿಕ್ಕದು, ಹಗುರ ಎಂದು ತೋರಿಸಿಕೊಳ್ಳುವ ಚಪಲದಲ್ಲಿ ತನ್ನ ಪಾಠ ತನಗೇ ಮರೆತಿತ್ತು.

ಅಕ್ಕನಿಗೆ ಅವಳದೇ ಒಂದು ಸೈಕಲ್. ಇಷ್ಟು ವರ್ಷಗಳ ಮೇಲೆ.

ಆ ವಾರ ತಂಗಿ ಕಡಿಮೆ ಮಾತಾಡಿದಳು. ಸಂಜೆಯಾದರೆ ಶಾಲೆಗೆ ಹೋಗಿ, ಗುಮಾಸ್ತನ ಕೈಯಲ್ಲೇ ಪ್ರಕಟಣೆಯ ಪ್ರೋಗ್ರಾಮನ್ನು ತೆಗೆಸಿ, ಹಾಕಿಸಿ, ಹಳೆಯದು, ಹೊಸದು ಎಂದು ಬದಲಿಸಿ ಬದಲಿಸಿ ನೋಡಿದಳು. ಅವನಿಗೆ ಬೇಸರ ಬಂತು. ಅಕ್ಕನ ದನಿ ಮಾತ್ರ ಅಲುಗಲಿಲ್ಲ. ಗುಂಡಿಗಳ ವಿಷಯದಲ್ಲಿ ಈ ಸಲ ಅಕ್ಕ ಹಲಗೆ ತುಂಬ ಬರೆದಳು, ತಂಗಿ ತುಟಿ ಪಿಟಕ್ಕೆನ್ನದೆ ಎಲ್ಲವನ್ನೂ ಇಟ್ಟಳು. ಅದರಲ್ಲಿ ಒಂದು ಗುಂಡಿ ಯಾಕೆ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ.

ಎರಡನೆಯ ಪಾಠದ ದಿನ ಬಾಗಿಲಲ್ಲೇ ಅಕ್ಕ ಹಲಗೆ ಎತ್ತಿದಳು: ‘ನೀನು ಹೊರಗಿರು. ಬೆಂಚು ಶಾಲೆಯದು.’ ತಂಗಿ ಕಾರಿಡಾರಿನ ಕಿಟಕಿಯ ಕೆಳಗೆ, ಮಕ್ಕಳ ಚೀಲಗಳ ಸಾಲಿನ ಪಕ್ಕ ನಿಂತಳು. ಒಳಗಿನಿಂದ ದನಿ ಬಂತು. ಸಲೀಸಾಗಿ, ನಟ್ಟನಡುವಿನ ವೇಗದಲ್ಲಿ, ಉದ್ದನೆಯ ಭಾಗಾಕಾರವನ್ನು ಹಂತ ಹಂತವಾಗಿ ಬಿಡಿಸುತ್ತ ಹೋಯಿತು. ತಂಗಿ ಉಸಿರು ಬಿಟ್ಟಳು. ಗೋಡೆಗೊರಗಿದಳು.

ಅಷ್ಟರಲ್ಲಿ “ಶೇ” ಎಂದು ಆ ಎಣ್ಣೆ ಕಾಣದ ಬಾಗಿಲು ಕಿರುಗುಟ್ಟತೊಡಗಿತು.

 ತಂಗಿ ಓಡಲು ಒಂದು ಕಾಲು ಮುಂದಿಟ್ಟಳು, ಚೀಲವೊಂದಕ್ಕೆ ಎಡವಿದಳು. ಒಳಗೆ ಮಕ್ಕಳೆಲ್ಲ ಒಟ್ಟಿಗೆ “ಶೇಷ!” ಎಂದು ಕೂಗಿದರು. ದನಿ ತಟ್ಟನೆ ನಿಂತಿತು, ಮತ್ತೆ ಮಾಮೂಲಿನ ವೇಗಕ್ಕೆ ಬಂದು, ಸರಿ, ಶೇಷ ಎಷ್ಟು ಎಂದು ಕೇಳಿತು. ಏನೂ ಕೇಳದೆ ತಾನು ಇಟ್ಟುಕೊಟ್ಟ ಆ ಒಂದು ಗುಂಡಿ ಯಾಕೆ ಎಂಬುದು ತಂಗಿಗೆ ಆಗ ತಿಳಿಯಿತು.

ಮುಖ್ಯೋಪಾಧ್ಯಾಯಿನಿ ಪಾಠ ಮುಗಿಯುವ ಮೊದಲೇ ಎದ್ದು ಹೊರಗೆ ಬಂದರು. ಚೀಲಗಳ ನಡುವೆ ನಿಂತ ತಂಗಿಯನ್ನು ಕಂಡು, “ಪುಸ್ತಕದ ಕೋಣೆಗೆ ಬೇರೆ ಯಾರನ್ನಾದ್ರೂ ನೋಡ್ಬೇಕು ಈಗ” ಎಂದರು. ಬಲು ಕಷ್ಟದ ಕೆಲಸ ತಲೆಗೆ ಬಿದ್ದವರ ಹಾಗೆ ನಿಟ್ಟುಸಿರು ಬಿಟ್ಟರೂ ಮುಖ ನಗುತ್ತಿತ್ತು. ಆಮೇಲೆ ಸುಮ್ಮನಿರಲಾರದೆ, “ಅಂತೂ ಅದೇನು ಸರಿ ಮಾಡಿದ್ರಿ?” ಎಂದು ಕೇಳಿಬಿಟ್ಟರು.

ಕೇಳಬಾರದಿತ್ತು. ತಂಗಿಯ ಕಣ್ಣು ಮಿನುಗಿತು. ವಾರವಿಡೀ ಕಟ್ಟಿಟ್ಟ ಮಾತು ಒಮ್ಮೆಲೇ ಹರಿಯಿತು. ಲೈಬ್ರರಿ ಎಂದರೇನು, ಅದನ್ನು ಸೇರಿಸುವ ದಾರಿಗಳೆಷ್ಟು, ಹಿಟ್ಟು, ಉಪ್ಪು, ಡಬ್ಬಿ, ಎಲ್ಲವೂ ಬಂತು. ದನಿಯೂ ಮೆಲ್ಲಮೆಲ್ಲಗೆ ಏರಿತು. ಮೂರನೆಯ ದಾರಿಯ ಹೊತ್ತಿಗೆ ಕೈಗಳೂ ಆಡತೊಡಗಿದ್ದವು.

ಒಳಗಿನ ಸ್ಪೀಕರು ಸ್ವಲ್ಪ ಹೊತ್ತು ಸುಮ್ಮನಿತ್ತು. ಟೈಪ್ ಮಾಡುವ ಸದ್ದು ಕಿಟಕಿಯವರೆಗೂ ಕೇಳಿಸಿತು.

“ಹೊರಗಡೆ ಮಾತಾಡ್ತಿರೋರು ಬಾಯಿ ಮುಚ್ಚಿಕೊಳ್ಳಿ” ಎಂದಿತು ಅಕ್ಕನ ದನಿ, ಇಡೀ ಕಾರಿಡಾರಿಗೆ ಕೇಳುವಂತೆ. “ಇಲ್ಲಿ ಪಾಠ ನಡೀತಿದೆ.”

ತಂಗಿ ಮುಚ್ಚಿಕೊಂಡಳು.